ಗೆಣಸು ತಿಂದವರ ಮಿದುಳು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



"ನೀವು ತಿನ್ನೋದೇ ಅಂಥಾದ್ದು, ಅದಕ್ಕೇ ಬುದ್ಧಿ ಮಂದ." ಈ ಮಾತು ಕೇಳದೆ ಶಾಲೆ ದಾಟಿದವರು ನಿಮ್ಮಲ್ಲಿ ಎಷ್ಟು ಜನ? ಸಾತ್ವಿಕ, ತಾಮಸ ಅಂತ ಅನ್ನಕ್ಕೂ ಜಾತಿ ಕಟ್ಟಿದವರ ಮಾತು ಇದು. ನರಕ್ಕೂ ನೆನಪಿಗೂ ಬೇಕೇ ಬೇಕಾದ ಬಿ-12 ಜೀವಸತ್ವ ಸಹಜವಾಗಿ ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ತಾಮಸದ ಲೆಕ್ಕ ಅಲ್ಲಿಗೇ ತಪ್ಪಿತು.

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕಾಡಿನಲ್ಲಿ ಚಿಮಾನೆ ಅನ್ನೋ ಮೂಲನಿವಾಸಿಗಳಿದ್ದಾರೆ. ಬಾಳೆಕಾಯಿ, ಮರಗೆಣಸು, ಭತ್ತ, ಮುಸುಕಿನ ಜೋಳ ತಾವೇ ಬೆಳೀತಾರೆ. ಹೊಳೆಯಲ್ಲಿ ಮೀನು ಹಿಡೀತಾರೆ, ಬೇಟೆ ಆಡ್ತಾರೆ. ಮುದುಕರಾದರೂ ಕೂತು ಉಣ್ಣೋರಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 60 ದಾಟಿದ ಚಿಮಾನೆಗಳಲ್ಲಿ ಮರೆಗುಳಿ ರೋಗ ನೂರಕ್ಕೆ ಸುಮಾರು ಒಬ್ಬರಿಗೆ. ಅಮೆರಿಕದಲ್ಲಿ 65 ದಾಟಿದವರಲ್ಲಿ ನೂರಕ್ಕೆ ಸುಮಾರು 11 ಜನಕ್ಕೆ. ವಯಸ್ಸಾದಂತೆ ಮಿದುಳು ಕುಗ್ಗೋದೂ ಚಿಮಾನೆಗಳಲ್ಲಿ ನಿಧಾನ ಅಂತ 2021ರಲ್ಲೇ ಗೊತ್ತಾಗಿತ್ತು. ಅವರದು ಸ್ವರ್ಗ ಅಂತ ನಾನು ಹೇಳ್ತಿಲ್ಲ. ಹೊಟ್ಟೆಹುಳ, ಸೋಂಕು ಬೇಕಾದಷ್ಟಿದೆ, ವೈದ್ಯರು ಹತ್ತಿರ ಇಲ್ಲ. ಹಾಗಂತ ಅವರ ಬಾಳೆಕಾಯನ್ನ ಪುಡಿ ಮಾಡಿ ಪೇಟೆಯಲ್ಲಿ ಟಾನಿಕ್ ಅಂತ ಮಾರಿದರೆ (ಮಾರೋರು ಮಾರ್ತಾರೆ ಬಿಡಿ) ಆ ಮಿದುಳು ಬರೋದಿಲ್ಲ. ಊಟದ ಹಿಂದೆ ಹೊಳೆ ಇದೆ, ಕಾಡು ಇದೆ, ದುಡಿಮೆ ಇದೆ.

ಅಷ್ಟು ದೂರ ಯಾಕೆ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನ ನೋಡಿ. ಕಾಡುಗೆಣಸು, ಸೊಪ್ಪು, ಜೇನು, ಕಾಡು ಕಡಿದು ಸುಟ್ಟು ಬಿತ್ತಿದ ರಾಗಿ. ಜೇನು ಕಿತ್ತರೂ ಹುಳಕ್ಕೊಂದು ಪಾಲು ಬಿಡ್ತಿದ್ದರು. ಗಿಡ, ಹಕ್ಕಿ, ಪ್ರಾಣಿಗಳ ತಿಳಿವಳಿಕೆ ಗೊರುಕನ ಹಾಡಿನಲ್ಲೇ ಮಕ್ಕಳಿಗೆ ದಾಟುತ್ತಿತ್ತು. ಪುಸ್ತಕ ಇಲ್ಲದ ಆ ನೆನಪಿಗೆ ಮಂದಬುದ್ಧಿ ಅಂತೀರಾ? 1974ರಲ್ಲಿ ಅದು ಅಭಯಾರಣ್ಯ ಆಯ್ತು. ಅಲೆದಾಡಿ ಬಿತ್ತೋದು ನಿಂತಿತು, ಪೋಡು ಬಿಡಿಸಿದರು. 2006ರಲ್ಲಿ ಕಿರು ಅರಣ್ಯ ಉತ್ಪನ್ನ ಆರಿಸಿ ಮಾರೋದಕ್ಕೂ ತಡೆ ಬಿತ್ತು. ಕಾಡಿನ ಊಟದ ಜಾಗಕ್ಕೆ ರೇಷನ್ ಅಕ್ಕಿ ಬಂತು. ಹೋರಾಡಿ 2011ರಲ್ಲಿ ಗ್ರಾಮಸಭೆಗಳ ಮೂಲಕ ಅರಣ್ಯ ಹಕ್ಕು ಪಡೆದರು. ಅದೇ ವರ್ಷ ಆ ಕಾಡನ್ನ ಹುಲಿ ಸಂರಕ್ಷಿತ ಪ್ರದೇಶ ಅಂತಲೂ ಮಾಡಿದರು!

ಈಗ ನಿಮ್ಮ ತಟ್ಟೆಗೆ ಬನ್ನಿ. ಮೂರು ಹೊತ್ತೂ ಬಿಳಿ ಅನ್ನ, ನೀರು ಸಾರು ಯಾಕೆ? ರಾಗಿಮುದ್ದೆ, ಸೊಪ್ಪು, ಮೊಟ್ಟೆ ಬೇಕು ಅಂತ ಎಲ್ಲರೂ ಸಹಿ ಹಾಕಿ ವಾರ್ಡನ್‌ಗೆ ಕೊಡಿ. ರಜೆಗೆ ಊರಿಗೆ ಹೋದಾಗ ಅಜ್ಜಿ ಜೊತೆ ಹೊಲದ ಬದು ಸುತ್ತಿ, ಅವಳಿಗೆ ಗೊತ್ತಿರೋ ಬೆರಕೆ ಸೊಪ್ಪಿನ ಹೆಸರೆಲ್ಲ ಬರೆದುಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಓದೋಣ.