ದಿನ ತುಂಬದ ಶಿಶುವಿನ ಮೊದಲ ಆಹಾರ

ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕುವುದು, ಎಂಟಕ್ಕೆ ಹುಟ್ಟಿದುದು ಉಳಿಯದು ಎಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ವೈದ್ಯರ ಅನುಭವ ಇದಕ್ಕೆ ವಿರುದ್ಧವಾದುದು; ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶಿಶುವಿನ ಬಲವನ್ನು ಹೆಚ್ಚಿಸುವುದು. ಕೂಸು ಬದುಕುವುದೋ ಇಲ್ಲವೋ ಎಂಬುದೊಂದೇ ಹಿಂದಿನವರ ಚಿಂತೆಯಾಗಿತ್ತು. ಬದುಕಿದ ಕೂಸು ಮುಂದೆ ಓರಗೆಯವರಂತೆ ಮಾತನಾಡೀತೆ, ಓದೀತೆ ಎಂಬ ಚಿಂತೆಯೂ ಈಗ ಅದಕ್ಕೆ ಸೇರಿದೆ. ಈ ಎರಡನೆಯ ಪ್ರಶ್ನೆಗೂ ಮೊದಲ ಕೆಲವು ವಾರಗಳ ಆಹಾರಕ್ಕೂ ಇರುವ ಸಂಬಂಧವನ್ನು ಕುರಿತು ನಾವು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

37 ವಾರ ತುಂಬುವುದಕ್ಕೆ ಮುಂಚೆ ಹುಟ್ಟಿದ ಶಿಶುವನ್ನು ದಿನ ತುಂಬದ ಶಿಶುವೆಂದು ಎಣಿಸುವರು. 2020ರಲ್ಲಿ ಇಂಥ ಶಿಶುಗಳು ಪ್ರಪಂಚದಲ್ಲಿ ಸುಮಾರು 1 ಕೋಟಿ 34 ಲಕ್ಷ ಹುಟ್ಟಿದುವೆಂದು ಅಂದಾಜು. ಎಂದರೆ ಹತ್ತಕ್ಕೆ ಒಂದು. ಗರ್ಭವಾಸದ ಕೊನೆಯ ತಿಂಗಳುಗಳೇ ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲ. 34ನೆಯ ವಾರದಲ್ಲಿ ಅದರ ತೂಕ, ದಿನ ತುಂಬಿದಾಗ ಇರಬೇಕಾದುದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ತಾಯಿಯಿಂದ ಕಬ್ಬಿಣದ ಅಂಶವೂ ಕೊಬ್ಬೂ ಶಿಶುವಿಗೆ ಹೆಚ್ಚಾಗಿ ಸಂದಾಯವಾಗುವುದೂ ಆಗಲೇ. ಬೇಗ ಹುಟ್ಟಿದ ಕೂಸು ಈ ಸಂಗ್ರಹವಿಲ್ಲದೆಯೇ ಲೋಕಕ್ಕೆ ಬರುವುದು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿಯೂ ಸಾಮಾನ್ಯವಾಗಿ 34ನೆಯ ವಾರದ ಸುಮಾರಿಗೆ ಕೂಡಿಬರುವುದು. ಅಗತ್ಯ ಹೆಚ್ಚು, ಉಣ್ಣುವ ಶಕ್ತಿ ಕಡಮೆ, ಸಂಕಟವಿರುವುದು ಇಲ್ಲಿಯೇ.

ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಪಶ್ಚಿಮದ ಅನೇಕ ಆಸ್ಪತ್ರೆಗಳು, ಹಾಲು ಶ್ವಾಸಕೋಶಕ್ಕೆ ಇಳಿದೀತೆಂಬ ಭಯದಿಂದ ಇಂಥ ಕೂಸುಗಳಿಗೆ ಮೊದಲ ಒಂದೆರಡು ದಿನ, ಕೆಲವು ವೇಳೆ ಇನ್ನೂ ಹೆಚ್ಚು ಕಾಲ, ಏನನ್ನೂ ಕೊಡುತ್ತಿರಲಿಲ್ಲ. ಉಪವಾಸದಲ್ಲಿ ಅಪಾಯವಿಲ್ಲವೆಂದು ಅಂದು ತಿಳಿದಿದ್ದರು.

ಆಹಾರದ ಫಲವನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಅಲನ್ ಲ್ಯೂಕಸ್ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. 1982ರಲ್ಲಿ ಅವರು ಪ್ರಾರಂಭಿಸಿದ ಪರೀಕ್ಷೆಯೊಂದರಲ್ಲಿ ಕೆಲವು ಶಿಶುಗಳಿಗೆ ಸಾಧಾರಣ ಪುಡಿಹಾಲನ್ನೂ, ಕೆಲವಕ್ಕೆ ಸಸಾರಜನಕ ಮೊದಲಾದವನ್ನು ಹೆಚ್ಚಿಸಿದ ಹಾಲನ್ನೂ ಚೀಟಿ ಎತ್ತಿದಂತೆ ಹಂಚಿ ಕೊಟ್ಟರು. ಭೇದವಿದ್ದುದು ಸುಮಾರು ಒಂದು ತಿಂಗಳ ಆಹಾರದಲ್ಲಿ ಮಾತ್ರ. ಏಳೆಂಟು ವರ್ಷವಾದ ಮೇಲೆ ಬುದ್ಧಿಪರೀಕ್ಷೆ ಮಾಡಿದಾಗ, ಸಾಧಾರಣ ಹಾಲು ಕುಡಿದಿದ್ದ ಗಂಡುಮಕ್ಕಳು ಭಾಷಾಸಾಮರ್ಥ್ಯದಲ್ಲಿ ಸರಾಸರಿ 12 ಅಂಕ ಹಿಂದೆ ಬಿದ್ದಿದ್ದರು. ಇದು 1998ರಲ್ಲಿ ಪ್ರಕಟವಾಯಿತು. ಒಂದು ತಿಂಗಳ ಊಟದ ಗುರುತು ಎಂಟನೆಯ ವರ್ಷದಲ್ಲಿಯೂ ಅಳಿದಿರಲಿಲ್ಲ.

ಅವರೇ 1992ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಂತೆ, ತಾಯಿಯ ಹಾಲನ್ನು ನಳಿಕೆಯಿಂದ ಪಡೆದಿದ್ದ ಮಕ್ಕಳಿಗೆ, ತಾಯಂದಿರ ವಿದ್ಯೆ, ಅಂತಸ್ತುಗಳ ಭೇದವನ್ನು ಲೆಕ್ಕದಿಂದ ಕಳೆದ ಮೇಲೂ, 8 ಅಂಕ ಹೆಚ್ಚಾಗಿದ್ದುವು. ಎದೆಗೆ ಹಚ್ಚಿಕೊಂಡ ಸುಖದ ಫಲವಿದು ಎನ್ನುವಂತಿರಲಿಲ್ಲ; ಹಾಲು ಬಂದುದು ನಳಿಕೆಯಿಂದ. ಹಾಲು ಕೊಡಬೇಕೆಂದು ಬಯಸಿಯೂ ಕೊಡಲಾರದೆ ಹೋದ ತಾಯಂದಿರ ಮಕ್ಕಳಲ್ಲಿ ಈ ಹೆಚ್ಚಳ ಕಾಣಲಿಲ್ಲ. ಆದರೂ ತಾಯಿಯ ಹಾಲನ್ನು ಚೀಟಿ ಎತ್ತಿ ಹಂಚಲಾಗದು. ಆದುದರಿಂದ ಈ ಎರಡನೆಯ ಪ್ರಮಾಣ ಮೊದಲನೆಯದರಷ್ಟು ಗಟ್ಟಿಯಲ್ಲವೆಂದು ವಿವೇಕಿಗಳು ಒಪ್ಪುವರು. ಕರುಳನ್ನು ಕೊಳೆಯಿಸುವ ಘೋರ ರೋಗವೊಂದು ತಾಯಿಯ ಹಾಲು ಕುಡಿದ ಕೂಸುಗಳಲ್ಲಿ ಕಡಮೆಯೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಹೆರಿಗೆಯಾದ ಮೊದಲ ಗಂಟೆಗಳಲ್ಲಿಯೇ ತಾಯಿ ಹಾಲನ್ನು ಹಿಂಡಿ ತೆಗೆಯಲು ತೊಡಗಬೇಕು. ಮೊದಲ ದಿನಗಳ ಹಳದಿ ಹಾಲನ್ನು ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಉಂಟು. ಆ ಹಾಲು ಎರಡು ತೊಟ್ಟೇ ಇರಲಿ, ಕೂಸಿಗೆ ರಕ್ಷೆ. ಚೀಪಲಾರದ ಕೂಸಿಗೆ ಮೊದಲು ನಳಿಕೆಯಿಂದ, ನುಂಗಬಲ್ಲುದಾದಾಗ ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆಯಿಂದಲೇ ಕುಡಿಸಬಹುದು. ಒಳಲೆಯಂಥ ಪಾತ್ರೆಯನ್ನು ಆಸ್ಪತ್ರೆಗಳೂ ಬಳಸುತ್ತವೆ. ಅತಿ ಚಿಕ್ಕ ಕೂಸುಗಳಿಗೆ ತಾಯಿಯ ಹಾಲೊಂದೇ ಸಾಲದು. ಅದಕ್ಕೆ ಸಸಾರಜನಕ, ಸುಣ್ಣದಂಶಗಳನ್ನು ಬೆರಸುವುದೂ, ಮುಂದೆ ಕಬ್ಬಿಣದಂಶ ಕೊಡುವುದೂ ವೈದ್ಯರ ಕೆಲಸ. ಜೇನು, ಹಸುವಿನ ಹಾಲುಗಳನ್ನು ನಾವಾಗಿ ಕೊಡಬಾರದು. ಕೂಸನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಳ್ಳುವ ಕ್ರಮ 1978ರ ಸುಮಾರಿಗೆ ಕೊಲಂಬಿಯದ ಬೊಗೋಟಾ ನಗರದಲ್ಲಿ ಪ್ರಾರಂಭವಾಯಿತು. ಹುಟ್ಟಿದೊಡನೆಯೇ ಹೀಗೆ ಮಾಡಿದರೆ ಸಾವುಗಳು ಕಾಲುಭಾಗದಷ್ಟು ಕಡಮೆಯಾಗುವುವೆಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಹಾಲು ಕೂಡುವುದಕ್ಕೂ ಇದು ಸಹಾಯಕ.

ಇಲ್ಲಿ ಹೇಳಿದ ಅಂಕಗಳೆಲ್ಲ ಗುಂಪಿನ ಸರಾಸರಿಗಳು. ಒಂದು ಮಗುವಿನ ಹಣೆಬರಹವಲ್ಲ. ಹಾಲು ಸಾಲದ ತಾಯಿಯನ್ನು ದೂರುವುದಕ್ಕೆ ಯಾರೂ ಇವನ್ನು ಬಳಸಲಾಗದು. ಆಕೆಗೆ ಬೇಕಾದುದು ಊಟ, ನಿದ್ರೆ, ಕೂಸಿನ ಬಳಿ ಕುಳಿತಿರಲು ಅವಕಾಶ. ಬಾಣಂತಿಯನ್ನು ಮನೆಯಲ್ಲಿಯೂ ಕೂಸನ್ನು ಆಸ್ಪತ್ರೆಯಲ್ಲಿಯೂ ಬೇರೆ ಬೇರೆ ಇರಿಸದೆ, ಇಬ್ಬರನ್ನೂ ಕೂಡಿಸಿ ಪೋಷಿಸುವುದು ಮನೆಯ ಹಿರಿಯರ ಹೊಣೆ.