ಕಡಲಿಗಿಳಿಯುವ ಮುಂಚಿನ ಹೆದರಿಕೆ

(ಸಂಘದ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾನ್ಯ ಅಧ್ಯಕ್ಷರೇ, ಪದಾಧಿಕಾರಿಗಳೇ, ರಜೆಯ ದಿನದ ನಿದ್ದೆ ಬಿಟ್ಟು ಬಂದ ಸಹೋದರರೇ, ಮಕ್ಕಳನ್ನು ಕರೆದುಕೊಂಡು ಬಂದ ಸಹೋದರಿಯರೇ,

ನಾನು ಡಾಕ್ಟರ್ ಅಲ್ಲ, ಕ್ರೀಡಾಪಟುವೂ ಅಲ್ಲ. ಲೆಕ್ಕ ಬರೆಯುವವನು. ಮುಂದಿನ ತಿಂಗಳು ಇಲ್ಲಿ ನಡೆಯುವ ಒಂದು ಟ್ರಯಾಥ್ಲಾನ್‌ಗೆ ಹೆಸರು ಕೊಟ್ಟಿದ್ದೇನೆ, ಹಾಗಾಗಿ ಮಾತಾಡಬೇಕು ಅಂತ ಕಾರ್ಯದರ್ಶಿಯವರು ಒತ್ತಾಯ ಮಾಡಿದರು. ಗೆದ್ದು ಬಂದವರ ಭಾಷಣ ಬೇರೆ. ನಾನಿನ್ನೂ ನೀರಿಗೇ ಇಳಿದಿಲ್ಲ. ಆದ್ದರಿಂದ ಹೆದರಿಕೆಯ ಬಗ್ಗೆಯೇ ಮಾತಾಡ್ತೇನೆ, ಸದ್ಯಕ್ಕೆ ನನ್ನ ಹತ್ತಿರ ಅದು ಧಾರಾಳ ಉಂಟು.

ಟ್ರಯಾಥ್ಲಾನ್ ಅಂದರೆ ಎಂತದು? ಮೊದಲು ಈಜು, ಮತ್ತೆ ಸೈಕಲ್, ಕೊನೆಗೆ ಓಟ. ಮೂರನ್ನೂ ಒಂದರ ಹಿಂದೆ ಒಂದು ಮುಗಿಸಬೇಕು, ನಡುವೆ ಗಡಿಯಾರ ನಿಲ್ಲುವುದಿಲ್ಲ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಈ ಹೆಸರಿನ ಸ್ಪರ್ಧೆ ಶುರುವಾಯಿತು, 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಬಂತು. ಒಲಿಂಪಿಕ್ ದೂರವೆಂದರೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ನಾನು ಹೆಸರು ಕೊಟ್ಟಿರುವುದು ಇದಕ್ಕೆ. ಇದರ ಅರ್ಧ ದೂರದ್ದೂ ಉಂಟು, ಸ್ಪ್ರಿಂಟ್ ಅಂತ. ಹೊಸಬರಿಗೆ ಅದು ಒಳ್ಳೆಯದು.

ನಮ್ಮ ಲೆಕ್ಕದ ಕೆಲಸದಲ್ಲಿ ಒಂದು ಕ್ರಮ ಉಂಟು. ಬರಬಹುದಾದ ನಷ್ಟವನ್ನು ಮೊದಲೇ ಪಟ್ಟಿ ಮಾಡಿ, ಅದಕ್ಕೆ ಬೇಕಾದ್ದನ್ನು ತೆಗೆದಿಡುತ್ತೇವೆ. ಪ್ರಾವಿಷನ್ ಅಂತ ಹೇಳ್ತಾರೆ. ಹೆದರಿಕೆಗೂ ನಾನು ಅದನ್ನೇ ಮಾಡಿದೆ. ಒಂದು ರಾತ್ರಿ ಕುಳಿತು ಎಲ್ಲವನ್ನೂ ಬರೆದೆ. ಮೂರು ಸಾಲು ಆಯಿತು.

ಮೊದಲನೆಯದು ಅಭ್ಯಾಸದಿಂದ ಕಡಿಮೆಯಾಗುವ ಹೆದರಿಕೆ. ಇದರಲ್ಲಿ ದೊಡ್ಡದು ಕಡಲು. ಕಡಲ ಬದಿಯಲ್ಲಿ ಹುಟ್ಟಿದವರಿಗೆ ಎಂಥ ಹೆದರಿಕೆ ಅಂತ ನೀವು ಕೇಳಬಹುದು. ಮಳೆಗಾಲದಲ್ಲಿ ಹೊಳೆಯ ಹತ್ತಿರ ಹೋದರೆ ಉಮ್ಮ ಬೆತ್ತ ಹಿಡಿದುಕೊಂಡೇ ಬರುತ್ತಿದ್ದರು. ಕಡಲನ್ನು ನೋಡುತ್ತಾ ಬೆಳೆದರೂ ಈಜು ಬಾರದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ನಾನು ಕಲಿತದ್ದು ಈ ಊರಿಗೆ ಬಂದ ಮೇಲೆ, ಈಜುಕೊಳದಲ್ಲಿ. 25 ಮೀಟರ್ ಕೊಳದಲ್ಲಿ ಒಂದೂವರೆ ಕಿಲೋಮೀಟರ್ ಅಂದರೆ 60 ಸಲ ಒಂದು ಬದಿಯಿಂದ ಇನ್ನೊಂದು ಬದಿಗೆ. ಪ್ರತಿ ಸಲವೂ ಹಿಡಿಯಲು ಗೋಡೆ ಉಂಟು. ಕಡಲಲ್ಲಿ ಗೋಡೆ ಇಲ್ಲ, ಕೆಳಗೆ ಗೆರೆಯೂ ಇಲ್ಲ, ಅಕ್ಕಪಕ್ಕದವರ ಕೈಕಾಲು ಮೈಗೆ ತಾಗುತ್ತದೆ.

ಅಲ್ಲಿ ಗಾಬರಿಯಾದರೆ ಮನುಷ್ಯ ಮೊದಲು ಮಾಡುವುದು ಉಸಿರು ಎಳೆದುಕೊಳ್ಳುವುದು, ಎಳೆದುಕೊಳ್ಳುತ್ತಲೇ ಇರುವುದು. ಒಳಗಿನ ಗಾಳಿ ಹೊರಗೆ ಹೋಗದೆ ಹೊಸ ಗಾಳಿಗೆ ಜಾಗ ಎಲ್ಲಿ? ಎದೆ ಬಿಗಿಯುತ್ತದೆ, ಗಾಬರಿ ಇನ್ನೂ ಹೆಚ್ಚುತ್ತದೆ. ಹಾಗಾಗಿ ಮುಖ ನೀರಲ್ಲಿರುವಾಗ ನಿಧಾನಕ್ಕೆ ಗುಳ್ಳೆ ಬಿಡುತ್ತಾ ಉಸಿರು ಪೂರ್ತಿ ಹೊರಗೆ ಹಾಕುವುದನ್ನು ಕಲಿಯಬೇಕು. ಆಗದಿದ್ದರೆ ಮಗುಚಿ ಬೆನ್ನ ಮೇಲೆ ತೇಲಬೇಕು. ಕೊಲ್ಲಿಯ ನೀರಿಗೆ ಉಪ್ಪು ಜಾಸ್ತಿ, ತೇಲುವುದು ಸುಲಭ. ಕಾವಲಿನ ದೋಣಿ ಹತ್ತಿರವಿದ್ದರೆ ಕೈ ಎತ್ತಿ ಕರೆದು ಹಿಡಿದುಕೊಳ್ಳಬಹುದು. ದೋಣಿ ಹಿಡಿದು ಮುಂದೆ ಸಾಗದಿದ್ದರೆ ಸಾಮಾನ್ಯವಾಗಿ ಅದು ನಿಯಮ ಮುರಿದಂತೆ ಅಲ್ಲ. ಇದನ್ನು ತಿಳಿದ ದಿನ ನನ್ನ ಅರ್ಧ ಹೆದರಿಕೆ ಇಳಿಯಿತು. ಮತ್ತೊಂದು ಮಾತು, ಕಡಲಲ್ಲಿ ಒಬ್ಬರೇ ಅಭ್ಯಾಸ ಮಾಡಬೇಡಿ. ಜೊತೆಗಾರ ಬೇಕು, ಲೈಫ್‌ಗಾರ್ಡ್ ಇರುವ ಜಾಗವೇ ಬೇಕು.

ಎರಡನೆಯದು ಜನರ ಮಾತಿನ ಹೆದರಿಕೆ. ಹೊಟ್ಟೆ ಬಂದ ಗಂಡಸು ಬಿಗಿ ಬಟ್ಟೆ ಹಾಕಿ ಓಡಿದರೆ ರೂಮಿನವರು ಎಂತ ಹೇಳಿಯಾರು? ಕೊನೆಯವನಾಗಿ ಬಂದರೆ? ಬಟ್ಟೆಯ ವಿಷಯ ಸುಲಭ. ಹೊಕ್ಕುಳಿಂದ ಮೊಣಕಾಲಿನವರೆಗೆ ಮುಚ್ಚುವ ಉಡುಪು ಸಿಗುತ್ತದೆ, ಸಂಘಟಕರನ್ನು ಮೊದಲೇ ಕೇಳಿಕೊಂಡರಾಯಿತು. ಕೊನೆಯವನಾಗುವುದಕ್ಕೆ ನಾನು ಪ್ರಾವಿಷನ್ ಏನೂ ಇಟ್ಟಿಲ್ಲ. ಯಾರಾದರೂ ಒಬ್ಬರು ಕೊನೆಯಲ್ಲಿ ಬರಲೇಬೇಕಲ್ಲ ಮಾರ್ರೆ.

ಮೂರನೆಯದು ಮುಖ್ಯ. ಇದು ನಿಜವಾದ ಕಾರಣ ಇರುವ ಹೆದರಿಕೆ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಾಥ್ಲಾನ್‌ಗಳಲ್ಲಿ ಆದ ಸಾವು ಮತ್ತು ಹೃದಯ ಸ್ತಂಭನದ ಪ್ರಕರಣಗಳನ್ನು ವೈದ್ಯರು ಒಟ್ಟು ಮಾಡಿದರು. 135 ಸಿಕ್ಕಿತು. ಲಕ್ಷಾಂತರ ಜನ ಭಾಗವಹಿಸಿದ್ದನ್ನು ನೋಡಿದರೆ ಸಂಖ್ಯೆ ಸಣ್ಣದು. ಆದರೆ ಹೆಚ್ಚಿನವು ಈಜಿನಲ್ಲಿ ಆದದ್ದು, ಹೆಚ್ಚಿನವರು ಗಂಡಸರು, ಸರಾಸರಿ ಪ್ರಾಯ 46ರ ಮೇಲೆ. ಹಲವರ ಹೃದಯದಲ್ಲಿ ಮೊದಲೇ ತೊಂದರೆ ಇತ್ತು, ಅವರಿಗೆ ಅದು ಗೊತ್ತಿರಲಿಲ್ಲ. ನನ್ನದೂ ಅದೇ ಪ್ರಾಯದ ಆಸುಪಾಸು. ಈ ಹೆದರಿಕೆಗೆ ಧೈರ್ಯ ಮದ್ದಲ್ಲ, ತಪಾಸಣೆ ಮದ್ದು. ಬಿಪಿ, ಶುಗರ್, ಕೊಲೆಸ್ಟರಾಲ್, ಇಸಿಜಿ ಎಲ್ಲಾ ಮಾಡಿಸಿ, ಡಾಕ್ಟರ್ ಆಗಬಹುದು ಅಂದ ಮೇಲೆಯೇ ಹೆಸರು ಕೊಟ್ಟೆ.

ಸಹೋದರರೇ, ನಿಮ್ಮಲ್ಲಿ ಹೆಚ್ಚಿನವರು ಟ್ರಯಾಥ್ಲಾನ್‌ಗೆ ಬರಲಿಕ್ಕಿಲ್ಲ. ಹನ್ನೆರಡು ಗಂಟೆ ಗ್ರೋಸರಿಯಲ್ಲಿ, ಕಫ್ಟೀರಿಯಾದಲ್ಲಿ ನಿಂತವನಿಗೆ ಸೈಕಲ್ ಹೊಡೆಯಲು ಸಮಯ ಎಲ್ಲಿ? ಆದರೆ ಈ ಮೂರನೆಯ ಸಾಲು ನಮ್ಮೆಲ್ಲರ ಲೆಕ್ಕದಲ್ಲೂ ಉಂಟು. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ, ಗ್ಯಾಸ್ ಅಂತ ಹೇಳಿ ಒಂದು ಕಡಕ್ ಚಾ ಕುಡಿದು ಮಲಗುತ್ತೇವೆ. ಯಾಕೆ? ರಿಪೋರ್ಟ್‌ನಲ್ಲಿ ಏನಾದರೂ ಬಂದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ ಎಂಬ ಹೆದರಿಕೆ. ವೀಸಾ ಮೆಡಿಕಲ್‌ನಲ್ಲಿ ನೋಡುವುದು ಟಿಬಿ, ಎಚ್‌ಐವಿಯಂಥ ಅಂಟುವ ಕಾಯಿಲೆಗಳನ್ನು. ಶುಗರ್, ಬಿಪಿ ಅದಕ್ಕೆ ಸೇರಿಲ್ಲ. 2025ರ ಜನವರಿಯಿಂದ ಯುಎಇಯ ಎಲ್ಲ ಎಮಿರೇಟ್‌ಗಳಲ್ಲೂ ಖಾಸಗಿ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯ. ಆ ಕಾರ್ಡ್ ಪರ್ಸ್‌ನಲ್ಲಿ ಇಡಲಿಕ್ಕಲ್ಲ, ಬಳಸಲಿಕ್ಕೆ. ಎದೆನೋವು ಬಂದರೆ ಗ್ಯಾಸ್ ಹೌದೋ ಅಲ್ಲವೋ ಅಂತ ನಾವು ತೀರ್ಮಾನ ಮಾಡುವುದು ಬೇಡ, 998ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಕುಳಿತು ಓದುವ ಸಹೋದರಿಯರಿಗೂ ಒಂದು ಮಾತು. ಫೋನ್‌ನಲ್ಲಿ ಊಟ ಆಯಿತಾ, ಹಣ ಕಳಿಸಿದಿರಾ ಅಂತ ಕೇಳುವಾಗ, ಬಿಪಿ ನೋಡಿಸಿದಿರಾ ಅಂತಲೂ ಕೇಳಿ. ನಾವು ಯಾರ ಮಾತಿಗೂ ಹೋಗದಿದ್ದರೂ ನಿಮ್ಮ ಮಾತಿಗೆ ಹೋಗುತ್ತೇವೆ.

ಒಂಟೆಯ ಪಾಠವನ್ನು ಮದ್ರಸದಲ್ಲೇ ಕಲಿತವರು ನಾವು. ತವಕ್ಕುಲ್‌ಗಿಂತ ಮೊದಲು ಹಗ್ಗದ ಕೆಲಸ ಉಂಟು. ಹೊರಗೆ ಮೇಜಿನಲ್ಲಿ ಇವತ್ತು ಬಿಪಿ, ಶುಗರ್ ಉಚಿತವಾಗಿ ನೋಡುತ್ತಿದ್ದಾರೆ. ಬಿರಿಯಾನಿಯ ಸಾಲಿಗಿಂತ ಮೊದಲು ಆ ಸಾಲಿನಲ್ಲಿ ನಿಲ್ಲಿ. ಹೆದರಿಕೆ ಇದ್ದವರು ಮೊದಲು ನಿಲ್ಲಿ. ನನಗಾಗಿ ದುಆ ಮಾಡಿ.