ಕಿವಿಗೊಡುವುದೂ ಒಂದು ವಿದ್ಯೆ

(ಶತಮಾನೋತ್ಸವದ ಕುಟುಂಬ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬೆಳಗಿನಿಂದ ಬಲ್ಲವರು ಹೇಳಿದ್ದಾರೆ. ಗಂಟೆಗೋಪುರ ಎದ್ದ ಬಗೆ, ಶಾಲೆ ಹುಟ್ಟಿದ ಬಗೆ ಎಲ್ಲವೂ ಬಂದಾಗಿದೆ. ನಮಗೆ ವಹಿಸಿರುವ ವಿಷಯ ಕುಟುಂಬ. ಅದು ಸಮುದ್ರದಷ್ಟು ವಿಸ್ತಾರವಾದುದರಿಂದ ಒಂದೇ ಒಂದು ಸಂಗತಿಯನ್ನು ಎತ್ತಿಕೊಳ್ಳಲು ತಮ್ಮ ಅಪ್ಪಣೆ ಬೇಡುತ್ತೇವೆ.

ಕಳೆದ ವರ್ಷ ನಮ್ಮ ಗೃಹಸ್ಥರೊಬ್ಬರು ಗುರುನಿವಾಸಕ್ಕೆ ಬಂದರು. (ಯಾರೆಂದು ಊಹಿಸುವ ಶ್ರಮ ಬೇಡ, ಒಪ್ಪಿಗೆ ಕೊಟ್ಟು ಮುಂದಿನ ಸಾಲಿನಲ್ಲೇ ನಗುತ್ತ ಕುಳಿತಿದ್ದಾರೆ.) “ಸ್ವಾಮಿ, ಮಗಳು ಅಮೆರಿಕಕ್ಕೆ ಹೋಗಿ ಆಪ್ತಸಮಾಲೋಚನೆ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಜನರ ಕಷ್ಟ ಕೇಳುವುದಕ್ಕೂ ಎರಡು ಮೂರು ವರ್ಷ ಓದಬೇಕೇ? ತಾವು ಅದನ್ನು ದಿನವೂ ಪುಕ್ಕಟೆಯಾಗಿ ಮಾಡುತ್ತಿಲ್ಲವೇ? ಒಂದು ಮಾತು ಹೇಳಿ ತಡೆಯಿರಿ” ಎಂದು ಕೇಳಿಕೊಂಡರು. ನಮಗೂ ಅದು ಸರಿಯೆಂದೇ ತೋರಿತು. ಮಗಳನ್ನು ಕರೆಸಿದೆವು. ಆಕೆ ವ್ಯಾಸಂಗದ ವಿವರಗಳನ್ನು ಹಿಡಿದುಕೊಂಡೇ ಬಂದಳು. ತಡೆಯಲು ಕುಳಿತ ನಾವು ಎರಡು ಸಂಜೆ ಆಕೆಯಿಂದ ಪಾಠ ಹೇಳಿಸಿಕೊಂಡೆವು.

ಆ ದೇಶದಲ್ಲಿ ಇಂಥ ಪದವಿಗಳನ್ನು ಪರಿಶೀಲಿಸಿ ಮಾನ್ಯತೆ ನೀಡಲು 1981ರಲ್ಲಿ ಸ್ಥಾಪಿತವಾದ ಸಿ.ಎ.ಸಿ.ಆರ್.ಇ.ಪಿ. ಎಂಬ ಮಂಡಳಿಯುಂಟು. ಅದರ ಮಾನ್ಯತೆಯುಳ್ಳ ಸ್ನಾತಕೋತ್ತರ ಪದವಿಗೆ ಕನಿಷ್ಠ 60 ಕ್ರೆಡಿಟ್‌ಗಳ ವ್ಯಾಸಂಗ ಆಗಬೇಕು. ಮನುಷ್ಯನ ಬೆಳವಣಿಗೆ, ಮನೋರೋಗಗಳ ಲಕ್ಷಣ, ವೃತ್ತಿಧರ್ಮ ಮೊದಲಾದ ಪಾಠಗಳಿವೆ. ಇವು ಪುಸ್ತಕದಿಂದ ಬರುವಂಥವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅನಂತರದ ಭಾಗ. ಮೊದಲು ಕನಿಷ್ಠ 100 ಗಂಟೆಗಳ ಅಭ್ಯಾಸ. ಅದರಲ್ಲಿ 40 ಗಂಟೆಯಾದರೂ ಸಂಕಟದಲ್ಲಿರುವ ವ್ಯಕ್ತಿಗಳೆದುರು ನೇರವಾಗಿ ಕುಳಿತು ಕಳೆದಿರಬೇಕು. ಆಮೇಲೆ 600 ಗಂಟೆಗಳ ತರಬೇತಿ ಸೇವೆ. ಅದರಲ್ಲಿ ನೇರ ಭೇಟಿ 240 ಗಂಟೆ. ಈ ಅವಧಿಯಲ್ಲಿ ವಾರಕ್ಕೆ ಸರಾಸರಿ ಒಂದು ಗಂಟೆ ಅನುಭವಸ್ಥರ ಮುಂದೆ ಕುಳಿತು ಮಾಡಿದ ಕೆಲಸದ ಲೆಕ್ಕ ಒಪ್ಪಿಸಬೇಕು. ಸಹಪಾಠಿಗಳ ಗುಂಪಿನಲ್ಲಿ ಇನ್ನೂ ಒಂದೂವರೆ ಗಂಟೆ. ಬಂದವರ ಒಪ್ಪಿಗೆ ಪಡೆದು ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡು ಮೇಲ್ವಿಚಾರಕರೊಡನೆ ಮರಳಿ ಕೇಳುವುದೂ ಉಂಟು. ಆಗ ಪ್ರಶ್ನೆ ಬರುತ್ತದೆ: ಆಕೆ ಅಳಲಾರಂಭಿಸಿದಾಗ ನೀನೇಕೆ ಮಾತು ಬದಲಿಸಿದೆ? ಆ ಅಳು ಸಹಿಸಲಾಗದೇ ಹೋದದ್ದು ಆಕೆಗೋ, ನಿನಗೋ?

ಪದವಿ ದೊರೆತ ಮಾತ್ರಕ್ಕೆ ಸ್ವತಂತ್ರವಾಗಿ ಕುಳಿತುಕೊಳ್ಳುವಂತಿಲ್ಲ. ಆಯಾ ರಾಜ್ಯದ ಪರವಾನಗಿ ಬೇಕು. ಇದಕ್ಕೆ ಮೊದಲು ಕಾನೂನು ಮಾಡಿದ್ದು ವರ್ಜೀನಿಯಾ, 1976ರಲ್ಲಿ. ಎಲ್ಲಕ್ಕೂ ಕೊನೆಯದು ಕ್ಯಾಲಿಫೋರ್ನಿಯಾ, 2009ರಲ್ಲಿ. ಕೊನೆಗೆ ಬಂದ ಆ ರಾಜ್ಯದಲ್ಲಿ ಪರೀಕ್ಷೆಯಲ್ಲದೆ, ಪದವಿಯ ನಂತರ 3,000 ಗಂಟೆ ಮೇಲ್ವಿಚಾರಣೆಯಲ್ಲಿ ದುಡಿದಿರಬೇಕು.

ಇದನ್ನು ಕೇಳುತ್ತಿದ್ದಂತೆ ನಮ್ಮ ಗುರುಮಠದ ದಿನಗಳು ನೆನಪಾದವು. ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಅಭ್ಯಸಿಸಿದೆವು. ಪಾಪನಿವೇದನೆ ಕೇಳುವ ಅಧಿಕಾರ ದೊರೆಯುವ ಮುನ್ನ ಪ್ರಾಧ್ಯಾಪಕರೇ ಪಶ್ಚಾತ್ತಾಪಿಗಳಂತೆ ನಟಿಸಿ ನಮ್ಮನ್ನು ಪರೀಕ್ಷಿಸಿದರು. ಪಾಪದ ತೂಕ ಅಳೆಯುವುದರಲ್ಲಿ ನಾವು ತೇರ್ಗಡೆಯಾದೆವು. ಆದರೆ ಒಬ್ಬ ಮನುಷ್ಯನ ಮುಂದೆ ಅರ್ಧಗಂಟೆ ಉಪದೇಶಿಸದೆ ಕುಳಿತಿರುವುದನ್ನು ನಮಗೆ ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ.

ಇದರ ಬೆಲೆ ತೆತ್ತವಳು ಒಬ್ಬ ತಾಯಿ. 1993ರ ಮಳೆಗಾಲ, ಆಗ ನಾವಿದ್ದದ್ದು ಬೇರೊಂದು ಧರ್ಮಕೇಂದ್ರದಲ್ಲಿ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಪಡಸಾಲೆಯಲ್ಲಿ ನಡೆದದ್ದು. ಆಕೆಯ ಅನುಮತಿಯಿಂದಲೇ ಹೇಳುತ್ತಿದ್ದೇವೆ. ಎರಡು ತಿಂಗಳ ಬಾಣಂತಿ. “ನಿದ್ದೆ ಬರುವುದಿಲ್ಲ ಸ್ವಾಮಿ. ಮಗು ಅತ್ತರೂ ಎತ್ತಿಕೊಳ್ಳಲು ಮನಸ್ಸಾಗುವುದಿಲ್ಲ. ನಾನಿಲ್ಲದಿದ್ದರೆ ಮನೆಯವರು ನೆಮ್ಮದಿಯಾಗಿರುತ್ತಾರೆ” ಎಂದಳು. ನಾವು ಏನು ಮಾಡಿದೆವು? ಮಾತೆ ಮರಿಯಮ್ಮನವರ ಸಹನೆಯನ್ನು ಕುರಿತು ಸೊಗಸಾಗಿ ಮಾತನಾಡಿದೆವು. ಒಂಬತ್ತು ದಿನಗಳ ನವೇನ ಮಾಡೆಂದೆವು. ಆಶೀರ್ವದಿಸಿ ಕಳುಹಿಸಿ, ಒಳ್ಳೆಯ ಕೆಲಸ ಮಾಡಿದೆವೆಂಬ ತೃಪ್ತಿಯಿಂದ ಊಟಕ್ಕೆ ಕುಳಿತೆವು. ಮೂರನೆಯ ದಿನ ಆಕೆ ಪ್ರಾಣ ಕಳೆದುಕೊಳ್ಳಲು ಹೊರಟಳು. ನೆರೆಮನೆಯವರ ಕಣ್ಣಿಗೆ ಬಿದ್ದುದರಿಂದ ಉಳಿದಳು. ಬಾಣಂತಿಯರಿಗೆ ಬರುವ ಖಿನ್ನತೆ ಎಂಬುದು ಕಾಯಿಲೆಯೆಂದೂ ಅದಕ್ಕೆ ಔಷಧವಿದೆಯೆಂದೂ ನಾವು ತಿಳಿದದ್ದು ಆಗ, ವೈದ್ಯರ ಬಾಯಿಂದ.

ಹುಡುಗಿ ತೋರಿಸಿದ ಪಾಠಗಳಲ್ಲಿ ಇದಕ್ಕೊಂದು ಅಧ್ಯಾಯವೇ ಇತ್ತು. ಬದುಕು ಬೇಡವಾದವರಂತೆ ಮಾತನಾಡುವವರನ್ನು, “ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ ಕೇಳಬೇಕು, ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೌದೆಂದರೆ ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಮುಟ್ಟಿಸಬೇಕು. ವರ್ಷಗಳ ಮೇಲೆ ಆ ತಾಯಿಯನ್ನು ಕಂಡಾಗ ನಾವು ಕ್ಷಮೆ ಕೇಳಿದ್ದೆವು. “ಅಂದು ತಾವು ಕೇಳಿದ್ದರೆ ಹೇಳಿಬಿಡುತ್ತಿದ್ದೆ ಸ್ವಾಮಿ. ಕೇಳಲಿ ಎಂದೇ ಬಂದಿದ್ದೆ” ಎಂದಿದ್ದಳು.

ಧರ್ಮಸಭೆಯೂ ಈ ವಿಷಯದಲ್ಲಿ ಕಲಿಯುತ್ತ ಬಂದಿದೆ. 1917ರ ಧರ್ಮಸಭೆಯ ಕಾನೂನು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಆದರೂ ಸ್ಮಶಾನದ ಮೂಲೆ ತೋರಿಸುವ ನಾಲಗೆಗಳು ನಮ್ಮ ನಡುವೆ ಇನ್ನೂ ಇವೆಯೆಂಬುದನ್ನು ಈ ಹಬ್ಬದ ದಿನವೂ ಹೇಳದಿರಲಾರೆವು.

ಧರ್ಮಗುರುವಿಗೂ ಈ ವಿದ್ಯೆಗೂ ಏನು ಸಂಬಂಧ ಎನ್ನುವವರಿಗೆ ಎರಡು ಹೆಸರು ಸಾಕು. ಆಂಟನ್ ಬಾಯ್ಸೆನ್ ಎಂಬ ಪ್ರೊಟೆಸ್ಟೆಂಟ್ ಬೋಧಕರು 1920ರಲ್ಲಿ ತಾವೇ ಮನೋರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದರು. ಗುಣವಾದ ಮೇಲೆ, 1925ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಮನೋರೋಗ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು, ರೋಗಿಗಳ ಬದುಕನ್ನೇ ಗ್ರಂಥವೆಂದು ಓದಲು ಹಚ್ಚಿದರು. ಕಾರ್ಲ್ ರೋಜರ್ಸ್ 1924ರಲ್ಲಿ ನ್ಯೂಯಾರ್ಕಿನ ಒಂದು ಗುರುಮಠ ಸೇರಿ, ಎರಡು ವರ್ಷದ ಬಳಿಕ ಅದನ್ನು ಬಿಟ್ಟು ಮನಶ್ಶಾಸ್ತ್ರಕ್ಕೆ ಹೋದವರು. ಆಲಿಸುವವನಲ್ಲಿ ಕಪಟವಿರಬಾರದು, ಬಂದವನನ್ನು ಷರತ್ತಿಲ್ಲದೆ ಆದರಿಸಬೇಕು, ಅವನ ನೋವನ್ನು ಅವನ ಕಡೆಯಿಂದ ಅರಿಯಬೇಕು ಎಂದು 1957ರಲ್ಲಿ ಬರೆದರು. ಗುರುಮಠ ಬಿಟ್ಟವರಿಂದ ನಾವು ಇದನ್ನು ಕಲಿಯಬೇಕಾಯಿತೆಂಬುದು ದೇವರ ವಿನೋದವಿರಬೇಕು.

ಆದರೆ ಇವೆರಡೂ ಒಂದೇ ಅಲ್ಲ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಗುರು ಹೊರಗೆಡಹುವಂತಿಲ್ಲ. ಸಮಾಲೋಚಕರೂ ಗುಟ್ಟು ಕಾಯುತ್ತಾರೆ. ಆದರೆ ಪ್ರಾಣಾಪಾಯವಿದ್ದರೆ, ಮಗುವಿಗೆ ಹಿಂಸೆಯಾಗುತ್ತಿದ್ದರೆ ತಿಳಿಸಬೇಕಾದವರಿಗೆ ತಿಳಿಸುತ್ತಾರೆ. ಇದನ್ನು ಮೊದಲ ದಿನವೇ ಹೇಳಿಬಿಡುತ್ತಾರೆ. ಬಂಧುಗಳಿಗೆ, ಸ್ನೇಹಿತರಿಗೆ ಅವರು ಸಮಾಲೋಚನೆ ನೀಡುವುದಿಲ್ಲ. ಉಡುಗೊರೆ ಸ್ವೀಕರಿಸಲೂ ಹಿಂಜರಿಯುತ್ತಾರೆ. ನಾವಾದರೋ ನಿಮ್ಮ ಮದುವೆ ಮಾಡಿಸುತ್ತೇವೆ, ಶಾಲೆಯ ಶುಲ್ಕ ಕೇಳುತ್ತೇವೆ, ನಿಮ್ಮ ಹಿತ್ತಲಿನ ಹಲಸಿನಹಣ್ಣನ್ನೂ ತಿನ್ನುತ್ತೇವೆ. ಇಷ್ಟೆಲ್ಲ ನಂಟಿರುವವನ ಮುಂದೆ ಮನೆಯ ಹೊಡೆತ, ಗಂಡನ ಕುಡಿತ ಎಲ್ಲರ ಬಾಯಿಗೂ ಬರುವುದಿಲ್ಲ. ಹೊರಗಿನ ಒಂದು ತರಬೇತಾದ ಕಿವಿ ಬೇಕು.

ಅಲ್ಲಿಯ ಪರವಾನಗಿ ಇಲ್ಲಿಗೆ ತಾನಾಗಿ ಸಲ್ಲುವುದಿಲ್ಲ. ಇದನ್ನೂ ಹುಡುಗಿಗೆ ಹೇಳಿದೆವು. ನಮ್ಮಲ್ಲಿ ಸಮಾಲೋಚಕರನ್ನು ಒಂದು ಕಟ್ಟಳೆಯೊಳಗೆ ತರುವ ಕಾಯಿದೆ ಬಂದದ್ದೇ 2021ರಲ್ಲಿ. ಆದುದರಿಂದ ಬೋರ್ಡು ಕಂಡೊಡನೆ ಒಳಗೆ ಹೋಗಬೇಡಿ. ಎಲ್ಲಿ ಓದಿದಿರಿ, ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಕಾಲ ಕಲಿತಿರಿ ಎಂದು ಧೈರ್ಯವಾಗಿ ಕೇಳಿ.

ಶಿಫಾರಸು ಪತ್ರಕ್ಕೆ ಸಹಿ ಹಾಕಿದೆವು, ಹುಡುಗಿ ಹೊರಟಳು. ಮೊದಲ ಪತ್ರದಲ್ಲಿ ಬರೆದಿದ್ದಳು: ಹೆಚ್ಚು ತಿದ್ದಿಸಿಕೊಳ್ಳುತ್ತಿರುವುದು ಬುದ್ಧಿ ಹೇಳುವ ಚಪಲವನ್ನಂತೆ, ಅದನ್ನು ಊರಿನಿಂದಲೇ ತಂದಿದ್ದಾಳಂತೆ. ಯಾರಿಂದ ಕಲಿತಳೆಂದು ನಾವು ವಿಚಾರಿಸಲು ಹೋಗಲಿಲ್ಲ.

ಗುರುನಿವಾಸದ ಪಡಸಾಲೆಯಲ್ಲಿ 14416 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ ತೂಗುಹಾಕಿದ್ದೇವೆ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ. ಹಗಲೂ ರಾತ್ರಿಯೂ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಆ ಪಡಸಾಲೆಗೆ ಈಗ ಯಾರಾದರೂ ಅಂಥ ಮುಖ ಹೊತ್ತು ಬಂದರೆ ನಾವು ಆ ಪ್ರಶ್ನೆಯನ್ನು ಕೇಳುತ್ತೇವೆ. ಕೇಳುವಾಗ ನಾಲಗೆ ಇಂದಿಗೂ ತೊಡರುತ್ತದೆ.